ಹತ್ತನೆಯ ಅಂಕೆಯ ಅಂಗಿ



ಕಾಲ್ಚೆಂಡಾಟವೆಂದರೆ ನಮ್ಮ ಬಾಯ್ನಾದ ಬಾಲಕರಿಗೆ ಹಸಿವು ನೀರಡಿಕೆಗಳ ಪರಿವೆಯಿರದು. ಅಂತಹವರು ಕ್ರಿಸ್ಟಿಯಾನೊ ಜೂನಿಯರನ ಹೆಸರನ್ನು ಅರಿತಿರಬೇಕೆಂದು ನಮ್ಮ ಆಶಯ. ಬ್ರೆಜಿಲ್ ದೇಶದ ಈ ತರುಣನು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಾಡಿ, ಬಳಿಕ ಗೋವೆಯ ಡೆಂಪೊ ತಂಡವನ್ನು ಸೇರಿದನು. 2004ನೆಯ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಡೆಂಪೊ 2-0ರಿಂದ ಗೆದ್ದಿತು, ಗೋಲುಗಳೆರಡೂ ಆತನವೇ. ಎರಡನೆಯದನ್ನು ಹೊಡೆದಾಗ ಗೋಲುರಕ್ಷಕ ಸುಬ್ರತ ಪಾಲನಿಗೆ ಡಿಕ್ಕಿಯಾಗಿ ಬಿದ್ದವನು ಮರಳಿ ಏಳಲಿಲ್ಲ. ವಯಸ್ಸು 25.

ಗೆದ್ದವರ ಮನೆಯಲ್ಲಿಯೇ ಸೂತಕ! ದುಡಿಯಲು ಬಂದವನು ಪರದೇಶದಲ್ಲಿ ಕಣ್ಮುಚ್ಚಿದ ದುಃಖವನ್ನು, ಘಟ್ಟವಿಳಿದು ದುಡಿಮೆಗೆ ಬಂದ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಆತನ 10ನೆಯ ಅಂಕೆಯ ಅಂಗಿಯನ್ನು ಇನ್ನಾರಿಗೂ ಕೊಡಬಾರದೆಂದು ಡೆಂಪೊ ನಿಶ್ಚಯಿಸಿತು. ಅದೇ ಸಾಲಿನ ರಾಷ್ಟ್ರೀಯ ಲೀಗನ್ನೂ ಗೆದ್ದಿತು.

ಶೋಕದೊಡನೆ ಕೋಪವೂ ಹುಟ್ಟಿ, ಅದು ಗೋಲುರಕ್ಷಕನತ್ತ ಹರಿಯಿತು. ಆತನಿಗೆ ಆಗ ಹದಿನೆಂಟೇ ವರ್ಷ. ಮುಂದೆ 2011ರ ಏಷ್ಯಾ ಕಪ್ಪಿನಲ್ಲಿ ಭಾರತದ ಗೋಲನ್ನು ಕಾಯ್ದವನೂ ಆತನೇ. ಅಗಲಿದವನ ಮೇಲಿನ ಪ್ರೀತಿಯನ್ನು ಬದುಕಿದವನ ಮೇಲಿನ ದ್ವೇಷದಿಂದ ಅಳೆಯುವುದು ನಮಗೆ ಒಪ್ಪಿಗೆಯಿಲ್ಲ. ಕುಸಿದವನಿಗೆ ಮೈದಾನದಲ್ಲಿಯೇ ತಕ್ಕ ಉಪಚಾರ ಸಿದ್ಧವಿತ್ತೇ ಎಂಬ ಪ್ರಶ್ನೆಯೂ ಅಂದು ಎದ್ದಿತು. ಕೇಳಬೇಕಾದುದು ಅದನ್ನೇ.

ಉಸಿರು ನಿಂತವನ ಎದೆಯನ್ನೊತ್ತಿ ರಕ್ತ ಹರಿಯುವಂತೆ ಮಾಡುವ ಪ್ರಥಮ ಚಿಕಿತ್ಸೆಯನ್ನು ಬಲ್ಲ ಪಾಲಕರು ನಿಮ್ಮಲ್ಲಿದ್ದರೆ, ಈ ಸಭೆ ಮುಗಿದೊಡನೆ ದಯಮಾಡಿ ನಮ್ಮನ್ನು ಕಾಣಿರಿ. ಆಟದ ಪಂದ್ಯಗಳು ಆರಂಭವಾಗುವ ಮೊದಲೇ ಹಿರಿಯ ತರಗತಿಯ ಮಕ್ಕಳಿಗೆ ಅದನ್ನು ಕಲಿಸಬೇಕೆಂದಿದ್ದೇವೆ.