ಅಂಶ ಮತ್ತು ಛೇದ: ಮಂಗೋರ್ ಹಿಲ್ ಕಲಿಸಿದ ಲೆಕ್ಕ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಭಿನ್ನರಾಶಿಯ ಲೆಕ್ಕದಲ್ಲಿ ಗೆರೆಯ ಮೇಲಿನ ಅಂಶ ಸರಿಯಾಗಿದ್ದು ಕೆಳಗಿನ ಛೇದ ಬಿಟ್ಟುಹೋಗಿದ್ದರೆ, ಈ ಶಾಲೆಯ ನಮ್ಮ ಗುರುಗಳು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ. ಅಂದು ಅದು ಬರಿಯ ಕಾಠಿಣ್ಯವೆಂದು ತೋರಿತ್ತು. ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಸೇರಿದ ಮೇಲೆ, ಎಪಿಡೆಮಿಯಾಲಜಿ ಎಂಬ ಶಾಸ್ತ್ರದ ಬಹುಪಾಲು ಆ ಗೆರೆಯ ಕೆಳಗೇ ಇದೆಯೆಂಬುದು ನಮಗೆ ತಿಳಿಯಿತು. ವೈದ್ಯರು ಒಬ್ಬ ರೋಗಿಯನ್ನು ನೋಡುತ್ತಾರೆ; ಈ ಶಾಸ್ತ್ರವು ಒಂದು ಊರನ್ನೇ ನೋಡುತ್ತದೆ, ರೋಗಿಗಳ ಜೊತೆಗೆ ರೋಗ ಬಾರದವರನ್ನೂ ಎಣಿಸುತ್ತದೆ.

ಇದನ್ನು ಗೋವಾದ ಮಂಗೋರ್ ಹಿಲ್‌ನಿಂದ ವಿವರಿಸಲು ನಮಗೆ ಕಾರಣವಿದೆ. ಈ ಶಾಲೆಯಲ್ಲಿ ಕಲಿತ ಅನೇಕರ ಮನೆಗಳು ಇಂದು ವಾಸ್ಕೊ ಪಟ್ಟಣದ ಆ ಗುಡ್ಡದ ಮೇಲಿವೆ. ದುಡಿಮೆಯನ್ನು ಅರಸಿ ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ರೈಲು ಹತ್ತಿದವರು ಅವರು. ಗೋಡೆಗೆ ಗೋಡೆ ತಾಗಿದ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಒತ್ತಿ ನಿಲ್ಲಬೇಕಾದ ಓಣಿಗಳು.

2020ರ ಏಪ್ರಿಲ್ ಹೊತ್ತಿಗೆ ಗೋವಾದಲ್ಲಿ ಕೋವಿಡ್ ತಗುಲಿದ್ದ ಏಳು ಮಂದಿಯೂ ಗುಣಮುಖರಾಗಿದ್ದರು. ರಾಜ್ಯವು ಹಸಿರು ವಲಯವೆನಿಸಿತ್ತು. ಮೇ ತಿಂಗಳಲ್ಲಿ ಸಂಚಾರ ತೆರೆದ ಬಳಿಕ ಹೊಸ ಪ್ರಕರಣಗಳು ಕಂಡವು. ಜೂನ್ 1ರಂದು ಮಂಗೋರ್ ಹಿಲ್ ಗೋವಾದ ಮೊದಲ ಕಂಟೈನ್‌ಮೆಂಟ್ ವಲಯವಾಯಿತು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ಗಂಟಲ ದ್ರವದ ಪರೀಕ್ಷೆ ನಡೆಯಿತು. ಕೆಲವೇ ದಿನಗಳಲ್ಲಿ ಸೋಂಕಿತರ ಸಂಖ್ಯೆ ನೂರನ್ನು ದಾಟಿತು. ಪ್ರತಿದಿನದ ಸುದ್ದಿಯಲ್ಲಿ ಗುಡ್ಡದ ಹೆಸರು, ಅದರ ಮುಂದೊಂದು ಅಂಕಿ. ಆ ಅಂಕಿಗೆ ಛೇದವಿರಲಿಲ್ಲ. ಗುಡ್ಡದಲ್ಲಿ ವಾಸವಿರುವವರು ಎಷ್ಟು, ಅವರಲ್ಲಿ ಪರೀಕ್ಷೆಗೆ ಒಳಗಾದವರು ಎಷ್ಟು, ಬೇರೆ ಬಡಾವಣೆಗಳಲ್ಲಿ ಎಷ್ಟು ಮಂದಿಯನ್ನು ಪರೀಕ್ಷಿಸಲಾಯಿತು ಎಂಬುದನ್ನು ಓದುಗರು ಕೇಳಲಿಲ್ಲ. ಕೇಳುವ ವ್ಯವಧಾನವೂ ಆಗ ಇರಲಿಲ್ಲವೆನ್ನಿ. ಊರಿನ ಹೆಸರೇ ಒಂದು ರೋಗಲಕ್ಷಣವಾಗಿಬಿಟ್ಟಿತು. ಗುಡ್ಡದ ವಿಳಾಸ ಕೇಳಿದೊಡನೆ, ವಲಯ ತೆರವಾದ ಮೇಲೂ, ಕೆಲಸ ಇಲ್ಲವೆಂದ ಗುತ್ತಿಗೆದಾರರನ್ನು ನಮ್ಮ ಗೆಳೆಯರು ಕಂಡಿದ್ದಾರೆ.

ನಾವೂ ಹಿಂದೆ ಬೀಳಲಿಲ್ಲ. ಆ ಬೇಸಗೆಯಲ್ಲಿ ಗೋವಾದಿಂದ ಮರಳಿದವರನ್ನು ಇದೇ ಶಾಲೆಯ ಕೋಣೆಗಳಲ್ಲಿ ಕ್ವಾರಂಟೈನ್‌ನಲ್ಲಿ ಇರಿಸಲಾಗಿತ್ತು. ದೂರ ಇರಿಸಿದ್ದು ಸರಿಯೇ. ಆದರೆ ಅವಧಿ ಮುಗಿದು ಮನೆಗೆ ಬಂದವರಿಗೂ ಕೊಡ ತುಂಬಲು ಬಾವಿಕಟ್ಟೆಯಲ್ಲಿ ಜಾಗ ಬಿಡದಿದ್ದುದು ಇಲ್ಲಿ ಕುಳಿತಿರುವ ಹಲವರಿಗೆ ನೆನಪಿರಬಹುದು.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗಾಗಿ ನಾವೇ ಕಟ್ಟಿದ ಲೆಕ್ಕ, ಮಂಗೋರ್ ಹಿಲ್‌ನ ಅಂಕಿಗಳಲ್ಲ. ಒಂದು ಬಡಾವಣೆಯಲ್ಲಿ 2000 ಮಂದಿಯನ್ನು ಪರೀಕ್ಷಿಸಿದಾಗ 100 ಸೋಂಕಿತರು, ಇನ್ನೊಂದರಲ್ಲಿ 200 ಮಂದಿಯನ್ನು ಪರೀಕ್ಷಿಸಿದಾಗ 30 ಸೋಂಕಿತರು ಸಿಕ್ಕರೆನ್ನೋಣ. ಪತ್ರಿಕೆಯ ತಲೆಬರಹಕ್ಕೆ ಬರುವುದು ನೂರು. ಆದರೆ ಮೊದಲನೆಯದರಲ್ಲಿ ಶೇ 5, ಎರಡನೆಯದರಲ್ಲಿ ಶೇ 15. ಇಲ್ಲಿಗೇ ನಿಲ್ಲುವಂತಿಲ್ಲ: ಎರಡನೆಯ ಕಡೆ ಜ್ವರವಿದ್ದವರನ್ನಷ್ಟೇ ಪರೀಕ್ಷಿಸಿದ್ದರೆ ಶೇಕಡಾವಾರು ತಾನಾಗಿ ಏರುತ್ತದೆ. ಆದ್ದರಿಂದ ಛೇದ ಎಷ್ಟು ಎಂಬುದರೊಡನೆ, ಛೇದದೊಳಗೆ ಯಾರು ಸೇರಿದ್ದಾರೆ ಎಂಬುದನ್ನೂ ಕೇಳಬೇಕು. ಮನೆಮನೆಗೂ ಹೋಗಿ ಹುಡುಕಿದ ಊರು ಹುಡುಕದ ಊರಿಗಿಂತ ಹೆಚ್ಚು ರೋಗಿಷ್ಠವಾಗಿ ಕಾಣುವುದು ಈ ಶಾಸ್ತ್ರದಲ್ಲಿ ದಿನನಿತ್ಯದ ಅನುಭವ.

ರೋಗ ಬಾರದವರನ್ನು ಏಕೆ ವಿಚಾರಿಸಬೇಕೆಂದು ಮಕ್ಕಳು ಕೇಳುತ್ತಾರೆ. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸುತ್ತ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಬಳಿಗೆ ಬಂದ. ಅವನ ವಾದಕ್ಕೆ ಬಲ ಕೊಟ್ಟವರಲ್ಲಿ ಬದುಕುಳಿದವರೂ ಇದ್ದರು. ಹತ್ತಿರದ ಬಡವರ ಆಶ್ರಯಗೃಹದ 535 ನಿವಾಸಿಗಳಲ್ಲಿ ಕಾಲರಾದಿಂದ ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಆ ಪಂಪಿನ ನೀರನ್ನೇ ಕುಡಿಯುತ್ತಿರಲಿಲ್ಲ. (ಇದನ್ನು ಬಿಯರಿನ ಪ್ರಶಂಸೆಯೆಂದು ಯಾರೂ ಭಾವಿಸಬಾರದು.) ಗಾಳಿಯ ದುರ್ಗಂಧದಿಂದ ಕಾಲರಾ ಬರುತ್ತದೆಂದು ನಂಬಿದ್ದ ಕಾಲವದು. ಅದೇ ಗಾಳಿಯನ್ನು ಉಸಿರಾಡಿಯೂ ಬದುಕಿದ ಇವರು ಆ ನಂಬಿಕೆಗೆ ಎದುರು ಸಾಕ್ಷಿಯಾದರು.

ಎಣಿಕೆಗೆ ಮೊದಲು ಯಾರನ್ನು ರೋಗಿಯೆಂದು ಎಣಿಸುವುದೆಂದು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಮೂರು ಪ್ರಶ್ನೆಗಳು: ಯಾವಾಗ, ಎಲ್ಲಿ, ಯಾರಿಗೆ. ‘ಯಾವಾಗ’ ಎಂಬುದಕ್ಕೆ ಪರೀಕ್ಷಾ ವರದಿ ಬಂದ ದಿನಕ್ಕಿಂತ ಜ್ವರ ಶುರುವಾದ ದಿನ ಹೆಚ್ಚು ಉಪಯುಕ್ತ. ಪ್ರಯೋಗಾಲಯದಲ್ಲಿ ಮಾದರಿಗಳು ರಾಶಿಬಿದ್ದು ಒಮ್ಮೆಲೇ ವರದಿ ಬಂದರೆ, ಶಾಂತವಾಗಿದ್ದ ರೋಗವೂ ಒಂದೇ ದಿನ ಸ್ಫೋಟಗೊಂಡಂತೆ ತೋರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವನ್ನೂ ಮನುಷ್ಯರ ಜ್ವರವನ್ನೂ ಕಾಲ, ಸ್ಥಳ ಎರಡರಲ್ಲೂ ಜೋಡಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆಯ ಜಾಡು ಸಿಕ್ಕಿತು.

‘ಯಾರಿಗೆ’ ಎಂಬ ಪ್ರಶ್ನೆ ಇವುಗಳಲ್ಲಿ ನಾಜೂಕಿನದು. 1980ರ ದಶಕದ ಕೊನೆಯಿಂದ ಗೋವಾದ ಪಟ್ಟಣಗಳಲ್ಲಿ ಮಲೇರಿಯಾ ತಲೆಯೆತ್ತಿದಾಗ ಕಟ್ಟಡ ಕಾರ್ಮಿಕರಲ್ಲಿ ಅದು ಹೆಚ್ಚಾಗಿ ಕಂಡಿತು. ಅವರಿಗೆ ರಕ್ತಪರೀಕ್ಷೆಯೂ ಆರೋಗ್ಯ ಕಾರ್ಡೂ ಬಂದವು. ಪರೀಕ್ಷೆ ಬೇಕಾದದ್ದೇ, ಸೋಂಕು ಹೊತ್ತು ಬಂದವರೂ ಅವರಲ್ಲಿದ್ದರು. ಆದರೆ ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಟಾಕಿಗಳಲ್ಲಿ, ಕಾಂಕ್ರೀಟಿಗೆ ಕಟ್ಟಿದ ನೀರಿನಲ್ಲಿ. ಆ ನೀರಿನ ಪಕ್ಕದಲ್ಲೇ, ಬಾಗಿಲಿಲ್ಲದ ಶೆಡ್ಡಿನಲ್ಲಿ ಮಲಗುವವರು ಅದೇ ಕಾರ್ಮಿಕರು. ‘ಯಾರಿಗೆ’ ಎಂಬ ಕಾಲಂ ತುಂಬಿದ ಮಾತ್ರಕ್ಕೆ ‘ಯಾರಿಂದ’ ಎಂಬುದು ಸಿದ್ಧವಾಗುವುದಿಲ್ಲ. ಮಂಗೋರ್ ಹಿಲ್‌ನಲ್ಲಿಯೂ ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ, ನಲ್ಲಿ, ಶೌಚಾಲಯಗಳನ್ನು ಎಷ್ಟು ಮನೆಗಳವರು ಹಂಚಿಕೊಳ್ಳುತ್ತಾರೆ ಎಂಬ ಕಾಲಂಗಳನ್ನು ಸೇರಿಸಿದರೆ ಪಟ್ಟಿಯೇ ಬೇರೆ ಕಥೆ ಹೇಳುತ್ತದೆ.

ಮಕ್ಕಳಿಗೆ ಇದನ್ನು ಕಲಿಸಲು ಹೊಸ ಉಪಕರಣ ಬೇಕಿಲ್ಲ. ಪ್ರತಿ ತರಗತಿಯ ಹಾಜರಿ ಪುಸ್ತಕದಲ್ಲಿ ಛೇದ ಸಿದ್ಧವಾಗಿದೆ. ಗೈರುಹಾಜರಾದ ಮಗು ಮರಳಿದಾಗ ಜ್ವರವೋ, ಭೇದಿಯೋ, ಸುಗ್ಗಿಯ ಕೆಲಸವೋ ಎಂದು ಕೇಳಿ ಒಂದು ಅಕ್ಷರದ ಗುರುತು ಹಾಕಿದರೆ ಸಾಕು. ತಿಂಗಳ ಕೊನೆಗೆ ಏಳನೆಯ ತರಗತಿಯವರೇ ಸ್ತಂಭಾಲೇಖ ಬರೆಯಲಿ, ಮಕ್ಕಳ ಹೆಸರಿಲ್ಲದೆ ಅಂಕಿಗಳಷ್ಟೇ ಇರಲಿ. ಒಂದು ಓಣಿಯ ಮಕ್ಕಳೇ ಹೆಚ್ಚಾಗಿ ಭೇದಿಯಿಂದ ತಪ್ಪಿಸಿಕೊಂಡಿದ್ದರೆ, ಆ ಓಣಿಯ ನಲ್ಲಿಯನ್ನು ನೋಡಿಬರಲು ಆರೋಗ್ಯ ಕೇಂದ್ರದವರಿಗೆ ಒಂದು ಕಾಗದ ಬರೆಯಲಿ.

ಮುಖ್ಯೋಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ಕಚೇರಿಯ ಹಿಂದಿನ ಕಪಾಟಿನಲ್ಲಿರುವ ಹಳೆಯ ಹಾಜರಿ ಪುಸ್ತಕಗಳನ್ನು ಶತಮಾನೋತ್ಸವದ ಸುಣ್ಣಬಣ್ಣದ ಗಡಿಬಿಡಿಯಲ್ಲಿ ರದ್ದಿಗೆ ಹಾಕಬಾರದು. ಗೆದ್ದಲು ಬಿಟ್ಟಿರುವಷ್ಟನ್ನು ನಕಲು ಮಾಡಿಕೊಡಲು ನಾವು ನಾಲ್ವರು ದೀಪಾವಳಿಯ ರಜೆಗೆ ಬರುತ್ತೇವೆ.