ದಣಿವರಿಯದ ಗುಮಾಸ್ತ



ಕಳೆದ ನವರಾತ್ರಿಯ ಒಂದು ಸಂಜೆ ನಮ್ಮ ಮನೆಗೆ ಬೊಂಬೆ ನೋಡಲು ಬಂದಿದ್ದ ಹಿರಿಯರೊಬ್ಬರು, ಕೋಸಂಬರಿಯ ತಟ್ಟೆಯನ್ನು ಪಕ್ಕಕ್ಕಿಡುತ್ತ, "ನಿಮ್ಮ ಕಂಪ್ಯೂಟರಿನಲ್ಲಿ ಬೇಕಾದಷ್ಟು ಸಂಗೀತ ಇದೆಯಂತಲ್ಲ ಸ್ವಾಮಿ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ತೋಡಿ ಒಂದಿಷ್ಟು ಹಾಕಿ, ಕೇಳೋಣ" ಎಂದರು. ನಾನು ಉತ್ಸಾಹದಿಂದ ಹುಡುಕುವ ಚೌಕದಲ್ಲಿ 'ತೋಡಿ' ಎಂದು ಬರೆದೆನು. ಯಂತ್ರವು ಮೂರು ಕೃತಿಗಳನ್ನು ತಂದು ನಿಲ್ಲಿಸಿತು, ಮೂರೂ ಅನ್ಯರವು. ಅಯ್ಯಂಗಾರ್ಯರ ತೋಡಿಯು ಆ ಪೆಟ್ಟಿಗೆಯೊಳಗೇ ಇದ್ದಿತೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಏಕೆಂದರೆ ತಂದೆಯವರ ಕ್ಯಾಸೆಟ್ಟುಗಳಿಂದ ಅದನ್ನು ಇಳಿಸಿಕೊಂಡವನು ನಾನೇ. ಆದರೆ ಇಳಿಸುವ ಆತುರದಲ್ಲಿ ಆ ಕ್ಯಾಸೆಟ್ಟುಗಳ ಹಾಡುಗಳಿಗೆಲ್ಲ 'ಟ್ರ್ಯಾಕ್ 07', 'ಟ್ರ್ಯಾಕ್ 19' ಎಂಬಂಥ ಹೆಸರುಗಳೇ ನಿಂತುಹೋಗಿದ್ದುವು. ಅಂಥ ಅನಾಮಧೇಯರು ನನ್ನ ಸಂಗ್ರಹದಲ್ಲಿ ನೂರಾರು. ಹಿರಿಯರು ಕಾಫಿ ಮುಗಿಸಿ ಎದ್ದರು, ತೋಡಿ ಸಿಕ್ಕಲಿಲ್ಲ.

ಮೈಸೂರಿನವರಿಗೆ ಇದರಲ್ಲಿ ಒಂದು ವಿನೋದವೂ ಕಾಣದಿರದು. 1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು; 'ಆಕಾಶವಾಣಿ' ಎಂಬ ಹೆಸರು ಬೆಳೆದುಬಂದದ್ದು ಆ ಮನೆಯಿಂದ. ಆ ಕಾಲದಲ್ಲಿ ಹಾಡಿದ ಹಾಡು ಬಹುಮಟ್ಟಿಗೆ ಹಾಡಿದ ಕ್ಷಣದಲ್ಲಿಯೇ ಆಕಾಶದಲ್ಲಿ ಲೀನವಾಗುತ್ತಿದ್ದಿತು. ಕೇಳಿದವನ ನೆನಪೇ ಅದರ ಭಂಡಾರ. ಈಗ ಯಾವುದೂ ಲೀನವಾಗುವುದಿಲ್ಲ. ಆದರೆ ಬೇಕಾದಾಗ ಯಾವುದೂ ಕೈಗೆ ಸಿಕ್ಕುವುದೂ ಇಲ್ಲ.

ಸಿಕ್ಕದಿರುವುದಕ್ಕೆ ಕಾರಣವು ಹಾಡಿನ ಕಡತದ ರಚನೆಯಲ್ಲಿಯೇ ಉಂಟು. ಎಂಪಿ3 ಕಡತದಲ್ಲಿ ನಾದವನ್ನು ಹಿಡಿದಿಟ್ಟ ಅಂಕಿಗಳ ಜೊತೆಗೆ 'ಟ್ಯಾಗ್' ಎಂಬುದೊಂದು ಚೀಟಿಯೂ ಇರುತ್ತದೆ. 1996ರಲ್ಲಿ ರೂಪುಗೊಂಡ ಐಡಿ3 ಎಂಬ ಮೊದಲ ಚೀಟಿಯು ಕಡತದ ಬಾಲಕ್ಕೆ ಅಂಟಿಸಿದ 128 ಬೈಟುಗಳ ಒಂದು ತುಣುಕು: ಗುರುತಿಗೆ 3 ಬೈಟು, ಹಾಡಿಗೆ 30, ಕಲಾವಿದನಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಉಳಿದ 1 ಬೈಟು ಸಂಗೀತದ ಜಾತಿಗೆ. ಆ ಜಾತಿಗಳ ಮೂಲ ಪಟ್ಟಿಯಲ್ಲಿ 80 ಹೆಸರುಗಳಿವೆ, ಜಾಜ್ ಉಂಟು, ಡಿಸ್ಕೋ ಉಂಟು, ಪೋಲ್ಕಾ ಸಹ ಉಂಟು, ಕರ್ನಾಟಕ ಸಂಗೀತವಿಲ್ಲ. ಚೀಟಿಯು ರೋಮನ್ ಅಕ್ಷರಗಳಿಗಾಗಿ ಹೊಲಿದ ಅಂಗಿ. ಕನ್ನಡದ ಒಂದೊಂದು ಸಂಕೇತಕ್ಕೆ ಇಂದಿನ ಪ್ರಚಲಿತ ಯುಟಿಎಫ್-8 ಕ್ರಮದಲ್ಲಿ 3 ಬೈಟುಗಳು ಬೇಕಾಗುವುದರಿಂದ, 30 ಬೈಟುಗಳ ಜಾಗದಲ್ಲಿ ಹತ್ತು ಸಂಕೇತಗಳಿಗಿಂತ ಹೆಚ್ಚು ಹಿಡಿಸದು. 'ಮಾಯಾಮಾಳವಗೌಳ' ಎಂಬುದರಲ್ಲಿ ಅಕ್ಷರಗಳೂ ಅವುಗಳ ಗುಣಿತದ ಚಿಹ್ನೆಗಳೂ ಸೇರಿ ಹನ್ನೊಂದು ಸಂಕೇತಗಳು. ಆದಕಾರಣ ಸರಳೆವರಿಸೆಯ ದಿನದಿಂದ ನಮ್ಮೊಡನಿರುವ ಆ ರಾಗವು ಕಡೆಯ ಳಕಾರವನ್ನು ಕಳೆದುಕೊಂಡು 'ಮಾಯಾಮಾಳವಗೌ' ಎಂದು ಮೊಟಕಾಗಬೇಕಾಗುತ್ತಿತ್ತು. 1998ರಿಂದ ಬಂದ ಎರಡನೆಯ ಬಗೆಯ ಚೀಟಿಯು ಉದಾರವಾದುದು. ವಾಗ್ಗೇಯಕಾರನಿಗೆ ಪ್ರತ್ಯೇಕ ಸ್ಥಾನವನ್ನು ಕೊಡುವುದಲ್ಲದೆ, ರಾಗ, ತಾಳ, ಪಿಟೀಲು, ಮೃದಂಗ ಎಂದು ನಮಗೆ ಬೇಕಾದ ಮನೆಗಳನ್ನು ನಾವೇ ಕಟ್ಟಿಕೊಳ್ಳಲೂ ಅದರಲ್ಲಿ ಅವಕಾಶವುಂಟು. ಆದರೆ ಆ ಮನೆಗಳನ್ನು ತುಂಬುವವರು ಯಾರು? ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ಬರೆಯುತ್ತ ಕುಳಿತರೆ ಸಂಗೀತ ಕೇಳುವುದಕ್ಕೆ ಆಯುಷ್ಯವು ಉಳಿಯದು.

ಸ್ಕ್ರಿಪ್ಟಿನ ಉಪಯೋಗವಿರುವುದು ಇಲ್ಲಿ. ಸ್ಕ್ರಿಪ್ಟೆಂದರೆ ಯಂತ್ರಕ್ಕೆ ಬರೆದುಕೊಟ್ಟ ಒಂದು ಆಜ್ಞಾಪತ್ರ. ಸಾಧಾರಣ ಕಾಗದದಂತೆಯೇ ಕೆಲವು ಸಾಲುಗಳ ಬರಹ. "ಈ ಫೋಲ್ಡರಿನೊಳಗಿನ ಪ್ರತಿಯೊಂದು ಕಡತವನ್ನೂ ತೆಗೆದುಕೋ, ಅದರ ಚೀಟಿಯನ್ನು ಓದು, ರಾಗದ ಮನೆ ಖಾಲಿಯಿದ್ದರೆ ಅದರ ಹೆಸರನ್ನು ಈ ಪಟ್ಟಿಗೆ ಸೇರಿಸು, ಮುಗಿದ ಮೇಲೆ ನಿಲ್ಲು" ಎಂಬಷ್ಟೇ ಅದರ ತಾತ್ಪರ್ಯ. ಪೈಥಾನ್ ಎಂಬ ಭಾಷೆಯಲ್ಲಿ ಇದನ್ನು ಹದಿನೈದು ಸಾಲುಗಳಲ್ಲಿ ಬರೆಯಬಹುದು. ಚೀಟಿಗಳನ್ನು ಓದಿ ಬರೆಯುವುದಕ್ಕೆಂದೇ 'ಮ್ಯೂಟಜೆನ್' ಎಂಬ ಸಿದ್ಧ ಸಾಮಗ್ರಿಯೂ ಅದಕ್ಕೆ ಉಂಟು. ನನ್ನ ಮಟ್ಟಿಗೆ ಸ್ಕ್ರಿಪ್ಟನ್ನು ನಾನು ಹಳೆಯ ಕಾಲದ ಕಛೇರಿಯ ಗುಮಾಸ್ತನಂತೆ ಭಾವಿಸಿದ್ದೇನೆ: ದಣಿವಿಲ್ಲ, ಬೇಸರವಿಲ್ಲ, ಎದುರುಮಾತಿಲ್ಲ, ಆದರೆ ಸ್ವಂತ ವಿವೇಚನೆಯೂ ಲೇಶಮಾತ್ರವಿಲ್ಲ.

ಆ ಗುಮಾಸ್ತನಿಗೆ ನಾನು ಮೊದಲು ಒಪ್ಪಿಸಿದ ಕೆಲಸ ಹೆಸರುಗಳ ಏಕೀಕರಣ. ರೋಮನ್ ಲಿಪಿಯಲ್ಲಿ ಬರೆದ ತೋಡಿಗೆ ಕೆಲವರು ಬರಿಯ 'ಟಿ' ಹಾಕುತ್ತಾರೆ, ಕೆಲವರು ಅದರ ಬೆನ್ನಿಗೆ 'ಎಚ್' ಸೇರಿಸುತ್ತಾರೆ; ಏಳು ತಂತಿಯ ಪಿಟೀಲಿನಿಂದ ವಿಖ್ಯಾತರಾದ ಚೌಡಯ್ಯನವರ ಹೆಸರಿಗೆ ನನ್ನ ಸಂಗ್ರಹದಲ್ಲಿ ನಾಲ್ಕು ಕಾಗುಣಿತಗಳಿದ್ದುವು. ಇಷ್ಟನ್ನೂ ಕನ್ನಡಕ್ಕೆ ತಿರುಗಿಸಿಬಿಟ್ಟರೆ ಗೊಂದಲವು ತೀರಿತೆಂದು ನಾನು ಎಣಿಸಿದ್ದೆನು. ತೀರಲಿಲ್ಲ. ಪರದೆಯ ಮೇಲೆ 'ತೋಡಿ' 'ತೋಡಿ' ಎಂದು ಎರಡು ರಾಗಗಳು, ಅವಳಿಜವಳಿಗಳಂತೆ, ಒಂದರ ಕೆಳಗೊಂದು ನಿಂತುವು. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಮಾತ್ರ ಎರಡೂ ಬೇರೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ರಹಸ್ಯವು ತಿಳಿಯಿತು. ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಮಾಡುವ ಯುನಿಕೋಡಿನಲ್ಲಿ 'ತೋ' ಎಂಬುದನ್ನು ತಕಾರದ ಮುಂದೆ ಒಂದೇ ಚಿಹ್ನೆಯಾಗಿಯೂ ಬರೆಯಬಹುದು; ಎತ್ವ, ಕೊಂಬಿನ ಇಳಿ, ದೀರ್ಘ ಎಂದು ನಾವು ಬಾಲ್ಯದಲ್ಲಿ ಸ್ಲೇಟಿನ ಮೇಲೆ ತಿದ್ದಿದಂತೆ ಮೂರಾಗಿ ಬಿಡಿಸಿಯೂ ಬರೆಯಬಹುದು. ಆಪಲ್ ಯಂತ್ರಗಳ ಹಳೆಯ ಕಡತವ್ಯವಸ್ಥೆಯು ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದಿತು. ಬಂಧುವೊಬ್ಬರು ಅಂಥ ಯಂತ್ರದಿಂದ ತಂದುಕೊಟ್ಟ ಹಾಡುಗಳೊಡನೆ ಆ ಬಿಡಿಸಿದ ತೋಡಿಯು ನನ್ನ ಮನೆಯನ್ನು ಹೊಕ್ಕಿದ್ದಿತು. ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತರುವ ಆಜ್ಞೆಯು ಒಂದೇ ಸಾಲಿನದು. ಕನ್ನಡದಲ್ಲಿ ಹೆಸರಿಡುವವರು ಆ ಒಂದು ಸಾಲನ್ನು ಮೊಟ್ಟಮೊದಲು ಬರೆಯತಕ್ಕದ್ದು.

ಮೇಳಕರ್ತಗಳೆಂಬ ಜನಕರಾಗಗಳ ಸಂಖ್ಯೆಯನ್ನು ಹಾಕಿಸುವ ಕೆಲಸವು ನನಗೆ ಇದಕ್ಕಿಂತ ಹೆಚ್ಚು ಸ್ವಾರಸ್ಯವನ್ನು ಕೊಟ್ಟಿತು. ನಮ್ಮ ಪೂರ್ವಿಕರ ಕಟಪಯಾದಿ ಸೂತ್ರವನ್ನು ನಾನು ಯಂತ್ರವಿಲ್ಲದ ಕಾಲದ ಸ್ಕ್ರಿಪ್ಟೆಂದೇ ಕರೆಯುತ್ತೇನೆ. ವ್ಯಂಜನಗಳಿಗೆ ಕ್ರಮವಾಗಿ ಅಂಕಿಗಳನ್ನು ಆರೋಪಿಸಿ, ರಾಗದ ಹೆಸರಿನ ಮೊದಲೆರಡು ಅಕ್ಷರಗಳ ಅಂಕಿಗಳನ್ನು ತಿರುಗುಮುರುಗಾಗಿ ಓದಿದರೆ, 72 ಮೇಳಗಳಲ್ಲಿ ಆ ರಾಗದ ಸ್ಥಾನವು ದೊರೆಯುತ್ತದೆ. ಮಾಯಾಮಾಳವಗೌಳದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1, ತಿರುಗಿಸಿದರೆ 15. ಹನುಮತೋಡಿಯಲ್ಲಿ ಹಕಾರಕ್ಕೆ 8, ನಕಾರಕ್ಕೆ ಸೊನ್ನೆ. ಆದುದರಿಂದ 8ನೆಯ ಮೇಳ. ಶಂಕರಾಭರಣದ ಹಿಂದೆ 'ಧೀರ' ಎಂಬುದನ್ನೂ ಕಲ್ಯಾಣಿಯ ಹಿಂದೆ 'ಮೇಚ' ಎಂಬುದನ್ನೂ ಸೇರಿಸಿದ್ದು ಈ ಲೆಕ್ಕವು 29 ಎಂದೂ 65 ಎಂದೂ ಸರಿಯಾಗಿ ಬರಲೆಂದೇ. ನನ್ನ ಗುಮಾಸ್ತನು ಈ ಸೂತ್ರವನ್ನು ಕ್ಷಣಾರ್ಧದಲ್ಲಿ ಕಲಿತು, ಸಂಖ್ಯೆಗಳನ್ನು ತುಂಬುತ್ತ ಹೋಗಿ, ಚಕ್ರವಾಕದ ಬಳಿ ಎಡವಿದನು. ನಾನು ಒತ್ತಕ್ಷರದ ಕಡೆಯ ವ್ಯಂಜನವನ್ನು ಗಣಿಸೆಂದು ಹೇಳಿದ್ದೆನು. ಹಾಗೆ ಗಣಿಸಿದರೆ ಚಕ್ರವಾಕವು 26 ಆಗಿ ಚಾರುಕೇಶಿಯ ಪೀಠದಲ್ಲಿ ಕುಳಿತುಬಿಡುತ್ತದೆ. ಸರಿ, ಮೊದಲ ವ್ಯಂಜನವನ್ನು ಗಣಿಸೆಂದೆನು. ಚಕ್ರವಾಕವು ತನ್ನ 16ಕ್ಕೆ ಮರಳಿತು. ಆದರೆ 2ನೆಯ ಮೇಳವಾದ ರತ್ನಾಂಗಿಯು 62 ಆಗಿ ರಿಷಭಪ್ರಿಯದ ಮನೆಗೆ ನುಗ್ಗಿತು. ಒಂದರಲ್ಲಿ ಮೊದಲನೆಯದು, ಮತ್ತೊಂದರಲ್ಲಿ ಕಡೆಯದು! ಹೆಸರಿಟ್ಟ ಪಂಡಿತರು ತಮಗೆ ಬೇಕಾದ ಅಂಕಿಯನ್ನು ಬೇಕಾದ ಕಡೆಯಿಂದ ತೆಗೆದುಕೊಂಡರೆಂದು ತೋರುತ್ತದೆ. ವಿದ್ಯಾರ್ಥಿಯು ಅದನ್ನು ಗುರುಮುಖದಿಂದ ತಿಳಿದುಕೊಳ್ಳುತ್ತಿದ್ದನು. ಗುಮಾಸ್ತನಿಗೆ ಗುರುವಿಲ್ಲ. ಕೊನೆಗೆ 72 ಹೆಸರುಗಳನ್ನೂ ಸಂಖ್ಯೆಗಳನ್ನೂ ನಾನೇ ಒಂದು ಪಟ್ಟಿಯಾಗಿ ಬರೆದುಕೊಟ್ಟೆನು. ಅರ್ಧ ಗಂಟೆಯ ಕೆಲಸ.

ಇಷ್ಟರಲ್ಲಿ ನನಗೆ ಸ್ವಲ್ಪ ಗರ್ವ ಬಂದಿದ್ದಿತು. ಮೇಳರಾಗಗಳಿಗೆ ಪೂರ್ಣನಾಮವನ್ನೇ ಕೊಡಬೇಕೆಂಬ ಹಟದಿಂದ, 'ಕಲ್ಯಾಣಿ' ಎಂದಿರುವೆಡೆಯಲ್ಲೆಲ್ಲ 'ಮೇಚಕಲ್ಯಾಣಿ' ಎಂದು ಬರೆ ಎಂಬ ಆಜ್ಞೆಯನ್ನು ರಾತ್ರಿ ಹತ್ತು ಗಂಟೆಗೆ ಕೊಟ್ಟು, ಏನೂ ನಡೆಯಲಿಲ್ಲವೇನೋ ಎಂಬ ಅನುಮಾನದಿಂದ ಮತ್ತೊಮ್ಮೆಯೂ ಕೊಟ್ಟು ಮಲಗಿದೆನು. ಬೆಳಗ್ಗೆ ಎದ್ದು ನೋಡಿದರೆ, ಮೈಸೂರಿನ ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ಸೃಷ್ಟಿಯೆಂದು ಪ್ರಸಿದ್ಧವಾದ ಮೋಹನಕಲ್ಯಾಣಿಯು 'ಮೋಹನಮೇಚಮೇಚಕಲ್ಯಾಣಿ'ಯಾಗಿತ್ತು. ಪೂರ್ವಿಕಲ್ಯಾಣಿಗೂ ಯಮುನಾಕಲ್ಯಾಣಿಗೂ ಅದೇ ಗತಿ. ಮೂಲಕಲ್ಯಾಣಿಯಂತೂ ತೊದಲುವ ಮಗುವಿನಂತೆ ಮೇಚಮೇಚ ಎನ್ನುತ್ತಿದ್ದಿತು. ತಪ್ಪು ಗುಮಾಸ್ತನದಲ್ಲ, ಇಡಿಯ ಹೆಸರು ಕಲ್ಯಾಣಿಯೆಂದಷ್ಟೇ ಇದ್ದರೆ ಮಾತ್ರ ಬದಲಾಯಿಸು ಎಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಬೇರೆಯ ಡಿಸ್ಕಿನಲ್ಲಿ ಇಡೀ ಸಂಗ್ರಹದ ಪ್ರತಿಯೊಂದಿದ್ದುದರಿಂದ ಮಾನ ಉಳಿಯಿತು. ಅಂದಿನಿಂದ ನಾನು ಬರೆಯುವ ಪ್ರತಿಯೊಂದು ಸ್ಕ್ರಿಪ್ಟೂ ಮೊದಲ ಸಲ ಏನನ್ನೂ ಮುಟ್ಟುವುದಿಲ್ಲ. ಏನೇನು ಬದಲಾಯಿಸಲಿದ್ದೇನೆಂಬುದನ್ನು ಪರದೆಯ ಮೇಲೆ ಒಪ್ಪಿಸಿ, ನನ್ನ ಅಪ್ಪಣೆಗೆ ಕಾಯುತ್ತದೆ.

ನಕಲು ಪ್ರತಿಗಳನ್ನು ಹುಡುಕುವುದರ ವಿಷಯವಾಗಿ ಎರಡು ಮಾತು. ಯಾವ ಕಡತಕ್ಕಾದರೂ ಲೆಕ್ಕಹಾಕಿ 64 ಅಕ್ಷರಗಳ ಒಂದು ಮುದ್ರೆಯನ್ನು ತೆಗೆಯುವ ಕ್ರಮವುಂಟು. ಮುದ್ರೆಗಳೆರಡು ಒಂದೇ ಆದರೆ ಕಡತಗಳೂ ಒಂದೇ ಎಂದು ನಿಶ್ಚಿಂತರಾಗಿ ಒಂದನ್ನು ಅಳಿಸಬಹುದು. ಆದರೆ ಚೀಟಿಯಲ್ಲಿ ಒಂದಕ್ಷರ ಬದಲಾದರೂ ಮುದ್ರೆಯು ಬದಲಾಗುತ್ತದೆ. ಅದೇ ಕ್ಯಾಸೆಟ್ಟನ್ನು ಎರಡು ಸಲ ಇಳಿಸಿದರೆ ಆ ಎರಡರ ಮುದ್ರೆಗಳೂ ಬೇರೆಯಾಗಿಯೇ ಇರುತ್ತವೆ. ಅಂಥವನ್ನು ಕಿವಿಯಿಂದ ಕೇಳಿಯೇ ತೀರ್ಮಾನಿಸುವುದು ಮೇಲು.

ಕಿವಿಯ ಮಾತು ಬಂದುದರಿಂದ ತೋಡಿಯ ಕಥೆಯನ್ನೂ ಮುಗಿಸುತ್ತೇನೆ. ಮೈಸೂರು ವಾಸುದೇವಾಚಾರ್ಯರ ಕೃತಿಗಳಲ್ಲಿ 'ವಾಸುದೇವ' ಎಂದೂ, ಜಯಚಾಮರಾಜ ಒಡೆಯರ 94 ಕೃತಿಗಳಲ್ಲಿ 'ಶ್ರೀವಿದ್ಯಾ' ಎಂದೂ ಅಂಕಿತವಿರುವುದರಿಂದ, ಸಾಹಿತ್ಯವನ್ನು ಬರೆದುಕೊಟ್ಟರೆ ಗುಮಾಸ್ತನು ಕರ್ತೃವನ್ನು ಊಹಿಸಬಲ್ಲನು. ವೀಣೆಯಲ್ಲಿ ಸಾಹಿತ್ಯವೂ ಇಲ್ಲ, ಅಂಕಿತವೂ ಇಲ್ಲ. ನಾನು ರಾಗದ ಮನೆ ಖಾಲಿಯಿದ್ದ ಕಡತಗಳ ಪಟ್ಟಿಯನ್ನು ಅವನಿಂದ ಬರೆಸಿಕೊಂಡು, ಅಂದು ನಿರಾಶರಾಗಿ ಹೋಗಿದ್ದ ಆ ಹಿರಿಯರನ್ನೇ ಭಾನುವಾರದ ತಿಂಡಿಗೆ ಕರೆದೆನು. ಒಂದೊಂದು ಕಡತವನ್ನೂ ಅರ್ಧ ನಿಮಿಷ ಕೇಳಿ ಅವರು ರಾಗವನ್ನು ಹೇಳುವರು. ನಾನು ಪಟ್ಟಿಯಲ್ಲಿ ಬರೆಯುವೆನು. "ಇದು ಭೈರವಿ. ಇದು... ತಾಳಿ, ಇನ್ನೊಂದು ಸಲ ಹಾಕಿ... ಮಾಂಜಿ." ಹೀಗೆ ಮೂರು ಭಾನುವಾರ. ಅವರು ಹೇಳಿದ್ದೆಲ್ಲವನ್ನೂ ಆಯಾ ಚೀಟಿಗಳಿಗೆ ತುಂಬಲು ಸ್ಕ್ರಿಪ್ಟಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ದೊರೆಸ್ವಾಮಿ ಅಯ್ಯಂಗಾರ್ಯರ ತೋಡಿಯು ಎರಡನೆಯ ಭಾನುವಾರ, ಇಡ್ಲಿ ಆರುತ್ತಿದ್ದಾಗ, ಸಿಕ್ಕಿತು.

ತಮ್ಮ ಮನೆಗಳ ಅಟ್ಟದ ಮೇಲೂ ಇಂಥ ಕ್ಯಾಸೆಟ್ಟುಗಳು ಇದ್ದರೆ, ಅವುಗಳಲ್ಲಿರುವುದು ಯಾರ ಹಾಡುಗಾರಿಕೆ, ಯಾವ ರಾಗ, ಯಾವ ರಾಮೋತ್ಸವದ ಕಛೇರಿ ಎಂದು ಹೇಳಬಲ್ಲವರು ಮನೆಯಲ್ಲಿರುವಾಗಲೇ ಒಂದು ಕಾಗದವನ್ನೂ ಪೆನ್ಸಿಲನ್ನೂ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಸ್ಕ್ರಿಪ್ಟನ್ನು ಮುಂದಿನ ತಿಂಗಳು ಬರೆದರೂ ಆದೀತು.