ಕಣ್ಣಿಗೆ ಹಠಾತ್ ಆಪತ್ತು: ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕಣ್ಣಿನ ಆರೋಗ್ಯವೆಂದೊಡನೆ ನಮ್ಮ ಹಳ್ಳಿಗಳಲ್ಲಿ ನೆನಪಾಗುವುದು ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಲಕ್ಷಾಂತರ ಜನರ ಪೊರೆ ತೆಗೆದ ಕಾಲದಿಂದ ಈ ಪರಿಪಾಠ ನಾಡಿನಲ್ಲಿ ಬೇರೂರಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಅದನ್ನು ಇನ್ನಷ್ಟು ವಿಸ್ತರಿಸಿತು. ಆದರೆ ಪೊರೆ ನಿಧಾನವಾಗಿ ಬೆಳೆಯುವ ತೊಂದರೆ. ಅದು ಮುಂದಿನ ತಿಂಗಳ ಶಿಬಿರಕ್ಕೆ ಕಾಯುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಕಾಯಲಾರದ ತೊಂದರೆಗಳ ವಿಷಯವನ್ನು. ಇವುಗಳಲ್ಲಿ ಕೆಲವು ನಿಮಿಷಗಳಲ್ಲಿ, ಕೆಲವು ಗಂಟೆಗಳಲ್ಲಿ, ಮತ್ತೆ ಕೆಲವು ಒಂದೆರಡು ದಿನಗಳಲ್ಲಿ ದೃಷ್ಟಿಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತವೆ. ಯಾವುದಕ್ಕೆ ಎಷ್ಟು ಹೊತ್ತಿದೆ ಎಂಬ ತಿಳಿವಳಿಕೆ ಊರಿನಲ್ಲಿ ನಾಲ್ಕು ಜನರಿಗಾದರೂ ಇದ್ದರೆ ಎಷ್ಟೋ ಕಣ್ಣುಗಳು ಉಳಿಯುತ್ತವೆ.

ನಿಮಿಷಗಳ ಲೆಕ್ಕ

ಮೊದಲನೆಯದು ಸುಣ್ಣ. ಎಲೆ ಅಡಿಕೆ ಹಾಕುವ ಮನೆಯಲ್ಲೆಲ್ಲ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವೋ ಕೊಳವೆಯೋ ಇರುತ್ತದೆ. ಮಗು ಅದನ್ನು ಹಿಚುಕಿದಾಗ ಒಡೆದು ಕಣ್ಣಿಗೆ ಚಿಮ್ಮುತ್ತದೆ. ಹಬ್ಬದ ಮುನ್ನ ಗೋಡೆಗೆ ಸುಣ್ಣ ಬಳಿಯುವವರಿಗೂ, ಸಿಮೆಂಟ್ ಕಲಸುವವರಿಗೂ ಇದೇ ಅಪಾಯವಿದೆ. ಆಮ್ಲವು ಬಹುಮಟ್ಟಿಗೆ ಕಣ್ಣಿನ ಮೇಲ್ಪದರವನ್ನು ಸುಟ್ಟು ಅಲ್ಲಿಯೇ ನಿಲ್ಲುತ್ತದೆ. ಸುಣ್ಣ ಕ್ಷಾರ, ಅದು ಪದರಗಳನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆದುದರಿಂದ ಇಲ್ಲಿ ಮೊದಲ ವೈದ್ಯರು ಪಕ್ಕದಲ್ಲಿರುವವರೇ, ಮೊದಲ ಔಷಧ ನೀರೇ.

ಗಾಯಗೊಂಡವರನ್ನು ಮಲಗಿಸಿ, ತಲೆಯನ್ನು ತೊಂದರೆಯಾದ ಕಣ್ಣಿನ ಕಡೆಗೆ ವಾಲಿಸಿ, ರೆಪ್ಪೆಗಳನ್ನು ಬೆರಳುಗಳಿಂದ ಬಿಡಿಸಿ ಹಿಡಿದು, ಚೊಂಬಿನಿಂದಲೋ ನಲ್ಲಿಯಿಂದಲೋ ಶುದ್ಧ ನೀರನ್ನು ಸತತವಾಗಿ ಅರ್ಧ ಗಂಟೆ ಹರಿಸಬೇಕು. ಮಗು ಅತ್ತರೂ ನಿಲ್ಲಿಸಬಾರದು. ರೆಪ್ಪೆಯ ಒಳಗೆ ಸುಣ್ಣದ ಹರಳುಗಳು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಬೇಕು. ಫಿಲ್ಟರ್ ನೀರಿಗಾಗಿ, ಆಂಬುಲೆನ್ಸಿಗಾಗಿ ಕಾಯುತ್ತ ಕೂರಬಾರದು. ಸುಣ್ಣಕ್ಕೆ ಹುಳಿಯೇ ಮದ್ದೆಂದು ನಿಂಬೆರಸ ಹಿಂಡುವುದು ಗಾಯದ ಮೇಲೆ ಮತ್ತೊಂದು ಗಾಯ ಮಾಡಿದಂತೆ. ತೊಳೆದಾದ ಮೇಲೆ ನೋವು ಕಡಿಮೆಯಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಕೀಟನಾಶಕ, ಬ್ಯಾಟರಿಯ ಆಮ್ಲ, ಶೌಚಾಲಯ ತೊಳೆಯುವ ದ್ರಾವಣ ಬಿದ್ದಾಗಲೂ ಇದೇ ಕ್ರಮ. ಬೇಲಿಯ ಕಳ್ಳಿ ಮತ್ತು ಎಕ್ಕದ ಹಾಲನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ರಥಸಪ್ತಮಿಯಂದು ಎಕ್ಕದ ಎಲೆಯಿಟ್ಟು ಸ್ನಾನ ಮಾಡುವ ಸಂಪ್ರದಾಯ ನಮ್ಮದು. ಎಲೆ ಕೀಳುವಾಗ ಹಾಲು ಹತ್ತಿದ ಕೈಯಿಂದ ಕಣ್ಣುಜ್ಜಿದರೆ, ಹೆಚ್ಚು ನೋವಿಲ್ಲದೆಯೇ ದೃಷ್ಟಿ ಮಂಜಾಗಬಹುದು. ನೋವಿಲ್ಲವೆಂದು ಅದನ್ನು ಕಡೆಗಣಿಸಬಾರದು.

ಗಂಟೆಗಳ ಲೆಕ್ಕ

ಎರಡನೆಯದು ಕಣ್ಣಿಗೆ ತೂರಿದ ಗಾಯ. ಉಳಿ ಸುತ್ತಿಗೆಯಿಂದ ಸಿಡಿದ ಕಬ್ಬಿಣದ ಚೂರು, ಕಲ್ಲುಕ್ವಾರಿಯ ಚಕ್ಕೆ, ಚಿನ್ನಿದಾಂಡಿನ ಚಿನ್ನಿ, ಮುಳ್ಳು, ಪಟಾಕಿ ಇವೆಲ್ಲ ಕಾರಣಗಳು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ದೀಪಾವಳಿಯ ರಾತ್ರಿಗಳಲ್ಲಿ ಬರುವ ಗಾಯಾಳುಗಳಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ದಾರಿಯಲ್ಲಿ ನಡೆದು ಹೋಗುತ್ತಿದ್ದವರೂ ನೋಡುತ್ತ ನಿಂತ ಮಕ್ಕಳೂ ಇರುತ್ತಾರೆ. ಕಣ್ಣುಗುಡ್ಡೆ ಸೀಳಿರಬಹುದೆಂಬ ಅನುಮಾನವಿದ್ದರೆ ಈ ಮೊದಲು ಹೇಳಿದ ನೀರಿನ ಕ್ರಮ ಇಲ್ಲಿ ಸಲ್ಲದು. ತೊಳೆಯಬಾರದು, ಒತ್ತಬಾರದು, ಚುಚ್ಚಿಕೊಂಡ ವಸ್ತುವನ್ನು ಕೀಳಬಾರದು. ಕಾಗದದ ಟೀ ಲೋಟವೊಂದನ್ನು ಕಣ್ಣಿನ ಸುತ್ತಲ ಮೂಳೆಗೆ ಆನಿಸಿ, ಕಣ್ಣಿಗೆ ತಾಗದಂತೆ ಅಂಟುಪಟ್ಟಿ ಹಾಕಿ ಹೊರಡಬೇಕು. ಅರಿವಳಿಕೆ ಕೊಡಬೇಕಾಗಿ ಬರಬಹುದಾದ್ದರಿಂದ ದಾರಿಯಲ್ಲಿ ಊಟ ತಿಂಡಿ ಬೇಡ.

ಮೂರನೆಯದು ನೋವಿಲ್ಲದೆ ಹಠಾತ್ತಾಗಿ ದೃಷ್ಟಿ ಹೋಗುವುದು. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ. ಇದು ಪಾರ್ಶ್ವವಾಯುವಿನ ಮುನ್ಸೂಚನೆಯೂ ಆಗಿರಬಹುದು. ಕಣ್ಣು ಮಂಜಾಗುವುದರ ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಐದು ನಿಮಿಷ ಕತ್ತಲಾಗಿ ಮತ್ತೆ ಸರಿಹೋಯಿತೆಂದು ಸುಮ್ಮನಾಗಬಾರದು. ಕಣ್ಣ ಮುಂದೆ ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳು ಮಳೆಯಂತೆ ಸುರಿದು, ಒಂದು ಕಡೆಯಿಂದ ಪರದೆ ಎಳೆದಂತೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ನಟ್ಟನಡುವಿನ ದೃಷ್ಟಿ ಇನ್ನೂ ಉಳಿದಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಅವಕಾಶ ಹೆಚ್ಚು.

ನಾಲ್ಕನೆಯದು ನಮ್ಮ ಕಡೆ ‘ಪಿತ್ತ’ವೆಂದು ತಳ್ಳಿಹಾಕುವ ತೊಂದರೆ. ನಡುವಯಸ್ಸು ದಾಟಿದವರಿಗೆ ಹಠಾತ್ತಾಗಿ ಒಂದು ಕಣ್ಣು ಕೆಂಪಾಗಿ, ತಲೆಯ ಅರ್ಧಭಾಗ ಸಿಡಿದಂತಾಗಿ, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಕಣ್ಣಿನೊಳಗಿನ ಒತ್ತಡ ಏರಿರುವ ಗ್ಲಾಕೋಮಾ ಆಗಿರಬಹುದು. ಪಿತ್ತದ ಕಷಾಯ ಕುಡಿದು ಬೆಳಗಾಗಲೆಂದು ಕಾಯ್ದರೆ ಬೆಳಕು ಹರಿಯುವ ಹೊತ್ತಿಗೆ ಆ ಕಣ್ಣಿಗೆ ಬೆಳಕೇ ಇಲ್ಲವಾಗಬಹುದು.

ಇನ್ನೊಂದು ಲಕ್ಷಣ ಕಣ್ಣಿನಲ್ಲಿ ಕಂಡರೂ ಕಣ್ಣಿನ ಕಾಯಿಲೆಯಲ್ಲ. ಹೊಲದ ಮನೆಯಲ್ಲಿ ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಎದ್ದಾಗ ಎರಡೂ ರೆಪ್ಪೆ ಎತ್ತಲಾಗದೆ, ಒಂದು ಎರಡಾಗಿ ಕಂಡು, ನುಂಗಲು ಕಷ್ಟಪಟ್ಟರೆ ಕಟ್ಟುಹಾವು ಕಚ್ಚಿರುವ ಸಂಭವವಿದೆ. ಅದರ ಕಡಿತದಲ್ಲಿ ನೋವಾಗಲಿ ಗುರುತಾಗಲಿ ಇಲ್ಲದಿರಬಹುದು. ಇಲ್ಲಿ ಪ್ರಶ್ನೆ ಪ್ರಾಣದ್ದು. ಕಣ್ಣಿನ ವೈದ್ಯರನ್ನು ಹುಡುಕದೆ, ವಿಷನಿವಾರಕ ಚುಚ್ಚುಮದ್ದು ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು.

ದಿನದ ಲೆಕ್ಕ

ಐದನೆಯದು ರೈತರದೇ ತೊಂದರೆ. ಮೆಕ್ಕೆಜೋಳದ ಗರಿ ಕಣ್ಣಿಗೆ ಗೀರುತ್ತದೆ. ಒಕ್ಕಣೆಯ ಹೊಟ್ಟು ಬೀಳುತ್ತದೆ. ಅಡಿಕೆ ತೋಟದಲ್ಲಿ, ದಾಳಿಂಬೆಯ ಸಾಲಿನಲ್ಲಿ ಕಡ್ಡಿ ತಾಗುತ್ತದೆ. ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪದರದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ, ಆ ಗರಿಯೊಂದಿಗೆ ಬಂದ ಶಿಲೀಂಧ್ರ ಅಲ್ಲಿ ಬೇರುಬಿಟ್ಟು ಹುಣ್ಣಾಗುತ್ತದೆ. ಹುಣ್ಣು ಮಾಗಿದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. ಆ ಕಲೆಯ ಹಿಂದೆ ಆರೋಗ್ಯವಾದ ಕಣ್ಣಿದ್ದರೂ ಕಾಣಿಸದು. ಆಮೇಲೆ ಉಳಿಯುವುದು ಯಾರಾದರೂ ದಾನ ಮಾಡಿದ ಕಣ್ಣಿಗಾಗಿ ಕಾಯುವ ದಾರಿಯೊಂದೇ.

ನೇಪಾಳದ ಭಕ್ತಪುರದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣಿಗೆ ಗೀರು ಬಿದ್ದವರನ್ನು ಬೇಗನೆ ಗುರುತಿಸಿ ಪ್ರತಿಜೈವಿಕ ಮುಲಾಮು ಹಚ್ಚಿಸಿದರು. ಗಾಯವಾದ 18 ಗಂಟೆಯೊಳಗೆ ಚಿಕಿತ್ಸೆ ಪಡೆದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಆ ಬಳಿಕ ಅದೇ ದೇಶದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಅಷ್ಟು ಸ್ಪಷ್ಟವಾದ ಲಾಭ ಕಂಡುಬರಲಿಲ್ಲ. ಆದುದರಿಂದ ಮುಲಾಮು ಒಂದೇ ಸಾಕೆಂದು ಹೇಳಲಾಗದು. ಗೀರು ಬಿದ್ದ ದಿನವೇ ತಿಳಿದವರಿಗೆ ಕಣ್ಣು ತೋರಿಸುವುದು ಮುಖ್ಯ.

ಪೊರೆಯ ಶಸ್ತ್ರಚಿಕಿತ್ಸೆಯಾದ ಬಳಿಕ ನೋವು, ಕೆಂಪು, ದೃಷ್ಟಿ ಕುಗ್ಗುವಿಕೆ ಕಂಡರೂ ಅದೇ ದಿನ ತೋರಿಸಬೇಕು. ಶಿಬಿರದಿಂದ ಮರಳಿದ ಹಿರಿಯರನ್ನು ಒಂದು ವಾರ ವಿಚಾರಿಸಿಕೊಳ್ಳುವುದು ಊರಿನ ಹೊಣೆ. ಮಗುವಿನ ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಂಡರೆ ಅದು ಕ್ಯಾನ್ಸರ್ ಗಡ್ಡೆಯ ಲಕ್ಷಣವಾಗಿರಬಹುದು. ಆ ವಾರವೇ ತಜ್ಞರಿಗೆ ತೋರಿಸಬೇಕು.

ಹಾಗಾದರೆ ಕೆಂಪಾದ ಕಣ್ಣೆಲ್ಲ ತುರ್ತೇ? ಅಲ್ಲ. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಹರಡಿದ ‘ಮದ್ರಾಸ್ ಐ’ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಯಿತು. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ನಾಲ್ಕು ಪ್ರಶ್ನೆ ಕೇಳಿ. ತೀವ್ರ ನೋವಿದೆಯೇ? ಬೆಳಕು ನೋಡಲಾಗುತ್ತಿಲ್ಲವೇ? ಪೆಟ್ಟು ಬಿದ್ದಿತ್ತೇ? ದೃಷ್ಟಿ ಕುಗ್ಗಿದೆಯೇ? ಕೊನೆಯದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು: ಒಂದೊಂದೇ ಕಣ್ಣು ಮುಚ್ಚಿ ಅಂಕಿಗಳನ್ನು ಓದಿಸಿ. ಯಾವುದಾದರೂ ಒಂದಕ್ಕೆ ಉತ್ತರ ‘ಹೌದು’ ಎಂದಾದರೆ ಕಾಯಬೇಡಿ.

ಮಾಡಬಾರದ ಉಪಚಾರಗಳು

ಕಸ ಬಿದ್ದರೆ ನಾಲಿಗೆಯಿಂದ ತೆಗೆಯುವುದು, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡುವುದು ಪ್ರೀತಿಯಿಂದಲೇ ನಡೆದುಬಂದ ರೂಢಿಗಳು. ಆದರೆ ಗೀರು ಬಿದ್ದ ಕಣ್ಣಿಗೆ ಅವುಗಳಿಂದ ಸೋಂಕು ತಗಲುತ್ತದೆ. ಹಿರಿಯರನ್ನು ಹೀಯಾಳಿಸದೆ ಇದನ್ನು ತಿಳಿಸಬೇಕು. ಅದಕ್ಕಿಂತ ಅಪಾಯಕಾರಿಯಾದದ್ದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಬೆರೆತ ಹನಿಮದ್ದು. ಅದನ್ನು ಹಾಕಿದ ಮರುದಿನ ಕೆಂಪು ಇಳಿದು ಸಮಾಧಾನವೆನಿಸುತ್ತದೆ. ಒಳಗೆ ಶಿಲೀಂಧ್ರದ ಹುಣ್ಣು ಬೆಳೆಯುತ್ತಿರುತ್ತದೆ.

ದಾರಿ ಮತ್ತು ದೂರ

ಹಿರಿಯೂರಿನಿಂದ ಚಿತ್ರದುರ್ಗ ಸುಮಾರು 40 ಕಿಲೋಮೀಟರ್. ಹೊಳಲ್ಕೆರೆಯವರಿಗೆ ಅದಕ್ಕಿಂತ ತುಸು ಹತ್ತಿರ. ಹೊಸದುರ್ಗದವರಿಗೆ ಅದಕ್ಕಿಂತ ದೂರ. ಶ್ರೀರಾಂಪುರ, ಮತ್ತೋಡು, ಧರ್ಮಪುರದಂಥ ಹೋಬಳಿಗಳ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವುದೇ ಒಂದು ಪ್ರಯಾಣ. ಜಿಲ್ಲಾ ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದರೆ ದಾವಣಗೆರೆ ಸುಮಾರು 60, ಬೆಂಗಳೂರು ಸುಮಾರು 200 ಕಿಲೋಮೀಟರ್. ಈ ದೂರವನ್ನು ನಾವು ಕಡಿಮೆ ಮಾಡಲಾರೆವು. ಆದರೆ ಹೊರಡುವ ಮುನ್ನ ಪೋಲಾಗುವ ಹೊತ್ತನ್ನು ಕಡಿಮೆ ಮಾಡಬಲ್ಲೆವು.

ಆ ಹೊತ್ತು ಎಲ್ಲಿ ಪೋಲಾಗುತ್ತದೆ? ಕೂಲಿ ತಪ್ಪುತ್ತದೆ, ಸಂತೆಯ ದಿನ ಹೋದರಾಯಿತು ಎಂಬ ಲೆಕ್ಕದಲ್ಲಿ. ಗಂಡಸರು ಮನೆಗೆ ಬರಲಿ, ಆಮೇಲೆ ಹೋಗೋಣವೆಂದು ಹೆಣ್ಣುಮಗಳು ನೋವು ನುಂಗಿಕೊಳ್ಳುವುದರಲ್ಲಿ. ರಾತ್ರಿ ವಾಹನವಿಲ್ಲದಿರುವುದರಲ್ಲಿ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಕಣ್ಣಿನ ವೈದ್ಯರಿರುತ್ತಾರೆ ಎಂಬುದು ತಿಳಿಯದೆ ಒಂದು ಕಡೆ ಹೋಗಿ ಬರಿಗೈಯಲ್ಲಿ ಮರಳುವುದರಲ್ಲಿ. ಇವು ವೈದ್ಯರಿಂದ ಬಗೆಹರಿಯುವ ತೊಂದರೆಗಳಲ್ಲ. ನಿಮ್ಮ ಮಾತಿನಿಂದ, ನಿಮ್ಮ ಠರಾವಿನಿಂದ ಬಗೆಹರಿಯುವಂಥವು.

ಪಂಚಾಯಿತಿಗೆ ಆರು ಸಲಹೆಗಳು

ಒಂದು: ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರು ಮತ್ತು ನೇತ್ರಾಧಿಕಾರಿಗಳು ಇರುವ ದಿನ, ವೇಳೆ, ದೂರವಾಣಿಯನ್ನು ಬರಹದಲ್ಲಿ ಕೇಳಿ ಪಡೆದು, 108 ಮತ್ತು 104ರ ಜೊತೆಗೆ ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ, ಹಾಲಿನ ಡೇರಿಯ ಗೋಡೆಯ ಮೇಲೆ ಬರೆಸಬೇಕು. ಬದಲಾದಾಗ ಬರಹವೂ ಬದಲಾಗಬೇಕು.

ಎರಡು: ಪ್ರತಿ ಹಳ್ಳಿಯಲ್ಲಿ ರಾತ್ರಿ ಹೊತ್ತು ಕರೆದರೆ ಬರುವ ಇಬ್ಬರು ವಾಹನ ಮಾಲೀಕರನ್ನು ಮೊದಲೇ ಒಪ್ಪಿಸಿ, ಬಾಡಿಗೆಯನ್ನೂ ನಿಗದಿಪಡಿಸಿಡಬೇಕು. ಬಡವರ ಬಾಡಿಗೆಗೆ ಏನು ದಾರಿ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯಲ್ಲಿ ಚರ್ಚಿಸಿ ತೀರ್ಮಾನಿಸಬಹುದು.

ಮೂರು: ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಕುಡಿಯುವ ನೀರು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂಬುದು ನಿಯಮ. ಅದು ಪಾಲನೆಯಾಗುತ್ತಿದೆಯೇ ಎಂದು ಸದಸ್ಯರೇ ನೋಡಬೇಕು. ಪೆಟ್ಟಿಗೆಯಲ್ಲಿ ಒಂದು ಕಾಗದದ ಲೋಟ, ಅಂಟುಪಟ್ಟಿ ಸೇರಿಸಿಡಿ.

ನಾಲ್ಕು: ಕಲ್ಲು ಒಡೆಯುವ, ವೆಲ್ಡಿಂಗ್ ಮಾಡುವ, ಔಷಧ ಸಿಂಪಡಿಸುವ ಕೆಲಸಗಾರರಿಗೆ ರಕ್ಷಣಾ ಕನ್ನಡಕ ಕೊಡುವಂತೆ ಮಾಲೀಕರಿಗೆ ತಿಳಿವಳಿಕೆ ನೀಡಬೇಕು.

ಐದು: ಸುಣ್ಣದ ಪೊಟ್ಟಣಗಳನ್ನು ಮಕ್ಕಳ ಕೈಗೆ ಮಾರದಂತೆ ಅಂಗಡಿಯವರಿಗೂ, ಮಕ್ಕಳ ಕೈಗೆಟುಕುವಲ್ಲಿ ಇಡದಂತೆ ಮನೆಯವರಿಗೂ ಗ್ರಾಮಸಭೆಯಲ್ಲಿ ಹೇಳಬೇಕು. ಸುಣ್ಣ ಬಿದ್ದಾಗ ಕಣ್ಣು ತೊಳೆಯುವ ಕ್ರಮವನ್ನು ಆಶಾ ಕಾರ್ಯಕರ್ತೆಯರು ಅಲ್ಲಿಯೇ ಮಾಡಿ ತೋರಿಸಲಿ. ನೋಡಿದ್ದು ನೆನಪಿನಲ್ಲಿ ಉಳಿಯುತ್ತದೆ.

ಆರು: ಆಸ್ಪತ್ರೆಗೆ ಹೊರಡುವಾಗ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್, ಹಾಕಿದ ಔಷಧದ ಬಾಟಲಿ ಜೊತೆಗಿರಲೆಂದು ತಿಳಿಸಿ. ಆದರೆ ಕಾರ್ಡ್ ಹುಡುಕುವ ನೆಪದಲ್ಲಿ ಹೊರಡುವುದು ತಡವಾಗಬಾರದು. ದಾಖಲೆಗಳನ್ನು ಹಿಂದಿನಿಂದಲೂ ಒಯ್ಯಬಹುದು.

ಮಾನ್ಯರೇ, ಈ ಆರು ಕೆಲಸಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಿ, ಯಾವ ಕೆಲಸ ಯಾರದು, ಯಾವ ದಿನಾಂಕದೊಳಗೆ ಎಂದು ನಡಾವಳಿಯಲ್ಲಿ ಬರೆಸಿ. ಕಣ್ಣು ಕಳೆದುಕೊಂಡ ದುಡಿಯುವ ರೈತನ ಮನೆಯಲ್ಲಿ ಅವನ ಕೈ ಹಿಡಿದು ನಡೆಸಲು ಒಬ್ಬ ಮಗಳು ಶಾಲೆ ಬಿಡಬೇಕಾಗುತ್ತದೆ. ಆ ಎರಡು ಬದುಕುಗಳನ್ನು ಉಳಿಸುವ ಅವಕಾಶ ಕೆಲವೊಮ್ಮೆ ಒಂದು ಚೊಂಬು ನೀರಿನಲ್ಲಿ, ಒಂದು ದೂರವಾಣಿ ಕರೆಯಲ್ಲಿ, ‘ಈಗಲೇ ಹೊರಡಿ, ನಾನು ಜೊತೆಗೆ ಬರುತ್ತೇನೆ’ ಎಂಬ ಸದಸ್ಯರ ಒಂದು ಮಾತಿನಲ್ಲಿ ಇರುತ್ತದೆ.